ಅಹಂಕಾರವನ್ನು ಕೊಲ್ಲಬೇಕಿಲ್ಲ, ಬಿಡಿಸಬೇಕಾದ ಗಂಟು ಒಂದೇ

ಅದ್ವೈತ ಸಾಧನೆಗೆ ಹೊಸದಾಗಿ ಬಂದವರ ಮೊದಲ ಪ್ರಶ್ನೆ ಬಹುತೇಕ ಒಂದೇ ಆಗಿರುತ್ತದೆ: ಅಹಂಕಾರವನ್ನು ನಾಶ ಮಾಡುವುದು ಹೇಗೆ? ಈ ಪ್ರಶ್ನೆಯನ್ನು ಹಾಗೇ ಒಪ್ಪಿಕೊಂಡು ಅಭ್ಯಾಸಕ್ಕೆ ಇಳಿದರೆ ವರ್ಷಗಟ್ಟಲೆ ಪಟ್ಟ ಶ್ರಮವೆಲ್ಲ ಬೇಡದ ಜಾಗದಲ್ಲಿ ವ್ಯರ್ಥವಾಗುತ್ತದೆ. ಅಹಂಕಾರಕ್ಕೆ ಮೂರು ಕಡೆ ನಂಟಿದೆ. ಜ್ಞಾನದಿಂದ ಕಳಚುವುದು ಅವುಗಳಲ್ಲಿ ಒಂದು ಮಾತ್ರ.

ಅಹಂಕಾರ ಎಂದಾಗ ಸೊಕ್ಕಿನವರಷ್ಟೇ ಕಣ್ಣಮುಂದೆ ಬರುವುದು ಸಹಜ. ಆದರೆ ವೇದಾಂತ ಹೇಳುವ ಅಹಂಕಾರ ಸಂಕೋಚದಿಂದ ಮುದುಡಿ ಕೂತವರಲ್ಲೂ ಅಷ್ಟೇ ಇರುತ್ತದೆ. ಒಂದು ಸಭೆಯಲ್ಲಿ ನೀವಾಡಿದ ಮಾತನ್ನು ಯಾರೋ ನಡುವೆಯೇ ಕತ್ತರಿಸಿದರು ಎನ್ನಿ. ಅವರ ದನಿ ಕಿವಿಗೆ ಬಿದ್ದೊಡನೆ ‘ಇದೇನು, ಹೀಗೇಕೆ’ ಎಂದು ತೂಗಾಡುವುದು ಮನಸ್ಸು. ಹೋದ ಸಲವೂ ಇವರು ಹೀಗೇ ಮಾಡಿದ್ದರಲ್ಲ ಎಂದು ಹಳೆಯದನ್ನು ಎತ್ತಿಕೊಡುವುದು ಚಿತ್ತ. ‘ಇದು ಅವಮಾನವೇ ಸರಿ’ ಎಂದು ತೀರ್ಪು ಕೊಡುವುದು ಬುದ್ಧಿ. ‘ಅವಮಾನವಾದದ್ದು ನನಗೆ’ ಎಂದು ಅದಕ್ಕೆ ಒಡೆಯನನ್ನು ಒದಗಿಸುವ ವೃತ್ತಿಯೇ, ಅಂದರೆ ಮನಸ್ಸಿನಲ್ಲಿ ಏಳುವ ಅಲೆಯೇ, ಅಹಂಕಾರ. ಅಂತಃಕರಣ, ಅಂದರೆ ತಿಳಿಯಲು ನಮಗಿರುವ ಒಳಗಿನ ಸಾಧನ, ಒಂದೇ, ಕೆಲಸ ನಾಲ್ಕು. ಈ ನಾಲ್ಕೂ ಬಂದದ್ದು, ಎದೆ ಬಿಸಿಯಾದದ್ದು, ಸ್ವಲ್ಪ ಹೊತ್ತಿಗೆ ಎಲ್ಲವೂ ಇಳಿದದ್ದು ನಿಮಗೆ ತಿಳಿಯಿತು. ಬಂದು ಹೋದವುಗಳ ಸಾಲಿನಲ್ಲಿ ‘ನನಗೆ’ ಎಂಬುದೂ ಇತ್ತು. ಯಾವುದಕ್ಕೆ ಇದೆಲ್ಲ ತಿಳಿಯಿತೋ ಅದು ಸಾಕ್ಷಿ.

46 ಶ್ಲೋಕಗಳ ದೃಗ್ದೃಶ್ಯವಿವೇಕ ಎಂಬ ಪ್ರಕರಣ ಗ್ರಂಥ (ವೇದಾಂತದ ಒಂದು ವಿಷಯವನ್ನು ವಿವರಿಸುವ ಕಿರುಕೃತಿ) ತನ್ನ 8 ಮತ್ತು 9ನೇ ಶ್ಲೋಕಗಳಲ್ಲಿ ಅಹಂಕಾರದ ಮೂರು ತಾದಾತ್ಮ್ಯಗಳನ್ನು, ಅಂದರೆ ಇನ್ನೊಂದರೊಡನೆ ಒಂದಾಗಿ ಬೆರೆತ ನಂಟುಗಳನ್ನು, ಬೇರೆ ಬೇರೆಯಾಗಿ ಇಡುತ್ತದೆ. ಇಡೀ ಸಾಧನೆಗೆ ಇಷ್ಟು ಉಪಯುಕ್ತವಾದ ಎರಡು ಶ್ಲೋಕಗಳು ಸಿಗುವುದು ಅಪರೂಪ. ಮೊದಲನೆಯದು ಚಿಚ್ಛಾಯೆಯೊಡನೆ, ಅಂದರೆ ಅಂತಃಕರಣದಲ್ಲಿ ತೋರುವ ಚೈತನ್ಯದ ಪ್ರತಿಬಿಂಬದೊಡನೆ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯೂ ಕಬ್ಬಿಣವೂ ಒಂದಾಗಿ ಕಾಣುವಂಥ ನಂಟು ಅದು. ಇದು ಸಹಜ, ಎರಡೂ ಇರುವ ತನಕ ಬಿಡದು. ಎರಡನೆಯದು ದೇಹದೊಡನೆ. ಇದು ಕರ್ಮಜ, ಅಂದರೆ ಕರ್ಮದಿಂದ ಹುಟ್ಟಿದ್ದು, ಕರ್ಮ ತೀರಿದಾಗ ತೀರುತ್ತದೆ. ಮೂರನೆಯದು ಸಾಕ್ಷಿಯೊಡನೆ. ಇದು ಭ್ರಾಂತಿಯಿಂದ ಹುಟ್ಟಿದ್ದು, ತಿಳಿವಿನಿಂದ ಮಾತ್ರ ಹೋಗುವಂಥದ್ದು.

ಎಡವಟ್ಟಾಗುವುದು ಇಲ್ಲೇ. ಮೊದಲ ನಂಟನ್ನು ಕತ್ತರಿಸಲು ಹೊರಟವರು ‘ನಾನು’ ಎಂಬ ಮಾತನ್ನೇ ನುಂಗತೊಡಗುತ್ತಾರೆ, ನಿರ್ಧಾರ ತೆಗೆದುಕೊಳ್ಳಲು ಹೆದರುತ್ತಾರೆ, ಕೊನೆಗೆ ‘ಅಹಂಕಾರ ಗೆದ್ದವನು ನಾನು’ ಎಂಬ ಇನ್ನೂ ಗಟ್ಟಿಯಾದ ಅಹಂಕಾರವೇ ಕೈಗೆ ಬರುತ್ತದೆ. ಎರಡನೆಯದನ್ನು ಕತ್ತರಿಸಲು ಹೊರಟವರು ಜ್ಞಾನಿಗೆ ಹಲ್ಲುನೋವೇ ಬರಬಾರದು ಎಂದುಕೊಂಡು ಔಷಧಿ ಬಿಡುತ್ತಾರೆ. ಹಸಿವು, ನೋವು, ಹೆಸರು ಹಿಡಿದು ಕರೆದಾಗ ತಿರುಗಿ ನೋಡುವುದು, ಇವ್ಯಾವುವೂ ಅಜ್ಞಾನದ ಗುರುತುಗಳಲ್ಲ. ತಿಳಿದವರಲ್ಲೂ ವ್ಯವಹಾರದ ‘ನಾನು’ ನಡೆದೇ ಇರುತ್ತದೆ.

ಮೂರನೆಯದರ ಮೇಲೆ ಕೆಲಸ ಮಾಡುವುದು ಹೇಗೆ? ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಮೊದಲ ಐದು ನಿಮಿಷ ಉಸಿರು ತಾನಾಗಿ ನಿಧಾನಕ್ಕೆ ಬರಲಿ. ಆಮೇಲೆ ಕೇಳುತ್ತಿರುವ ಒಂದು ಶಬ್ದವನ್ನು ಹಿಡಿಯಿರಿ: ಶಬ್ದ ತಿಳಿಯುತ್ತಿದೆ. ಅಲ್ಲಿಂದ ದೇಹದ ಒಂದು ಭಾರ ಅಥವಾ ಸೆಳೆತಕ್ಕೆ ಬನ್ನಿ, ಅದೂ ತಿಳಿಯುತ್ತಿದೆ. ಬಳಿಕ ಒಂದು ಯೋಚನೆ. ಕೊನೆಗೆ ‘ನಾನು ಇಲ್ಲಿ ಕೂತು ನೋಡುತ್ತಿದ್ದೇನೆ’ ಎಂಬ ಭಾವ. ಈ ಕೊನೆಯ ಹೆಜ್ಜೆಯನ್ನೇ ಹೆಚ್ಚಿನವರು ದಾಟಿ ಹೋಗಿಬಿಡುತ್ತಾರೆ. ತಲೆಯ ಹಿಂದೆ ಎಲ್ಲೋ ನಿಂತು ನೋಡುವವನೊಬ್ಬನನ್ನು ಕಲ್ಪಿಸಿಕೊಂಡು ಅವನನ್ನೇ ಸಾಕ್ಷಿ ಎನ್ನುತ್ತಾರೆ. ಆದರೆ ಅವನಿಗೊಂದು ಜಾಗವಿದೆ, ಒಂದು ಪ್ರಯತ್ನವಿದೆ, ಸ್ವಲ್ಪ ಹೊತ್ತಿಗೆ ದಣಿವೂ ಇದೆ. ಇವೆಲ್ಲ ತಿಳಿಯುತ್ತಿವೆ ಎಂದಮೇಲೆ ಅವನೂ ದೃಶ್ಯವೇ, ಅಂದರೆ ತಿಳಿಯಲ್ಪಡುವುದೇ, ಅಹಂಕಾರದ ಇನ್ನೊಂದು ವೇಷ.

ಇದನ್ನು ಪರೀಕ್ಷಿಸಲು ಒಂದು ಸರಳ ದಾರಿಯಿದೆ. ನೋಡುವ ಪ್ರಯತ್ನವನ್ನು ಬೇಕೆಂದೇ ಪೂರ್ತಿ ಕೈಬಿಡಿ. ಶಬ್ದ ಕೇಳಿಸುವುದು ನಿಂತಿತೇ? ನಿಲ್ಲದು. ತಿಳಿವಿಗೆ ನಿಮ್ಮ ಶ್ರಮ ಬೇಕಿರಲಿಲ್ಲ. ‘ಸಾಕ್ಷಿಯಾಗಿ ಉಳಿಯುವುದು ಕಷ್ಟ, ಆಗಾಗ ಜಾರುತ್ತೇನೆ’ ಎನ್ನುವವರು ಉಳಿಸಲು ನೋಡುತ್ತಿರುವುದು ಒಂದು ಮನೋವೃತ್ತಿಯನ್ನು. ಜಾರಿದ್ದು ಗಮನ, ಅದು ಜಾರಿದ್ದೂ ಗೊತ್ತಾಯಿತು. ಈ ಒಂದು ಅಂಶ ಅನುಭವಕ್ಕೆ ಬಂದರೆ ಉಳಿದ ಅಭ್ಯಾಸ ತುಂಬ ಹಗುರವಾಗುತ್ತದೆ.

ಕೂತಾಗ ಬರುವ ತೊಡಕುಗಳಿಗೆ ಅದ್ವೈತದ ಪ್ರಾಚೀನ ಆಚಾರ್ಯ ಗೌಡಪಾದರು ಮಾಂಡೂಕ್ಯ ಉಪನಿಷತ್ತಿನ ಮೇಲೆ ಬರೆದ ಕಾರಿಕೆಗಳಲ್ಲೇ ಉಪಾಯವಿದೆ. ಮಂಪರು ಕವಿದರೆ ಅದು ಲಯ, ಎಚ್ಚರಿಸಿಕೊಳ್ಳಿ. ಮನಸ್ಸು ಓಡಾಡಿದರೆ ವಿಕ್ಷೇಪ, ಶಮನಗೊಳಿಸಿ. ಒಳಗೆ ಅಡಗಿದ ರಾಗದ್ವೇಷ ಮನಸ್ಸನ್ನು ಮರಗಟ್ಟಿಸಿದರೆ ಅದು ಕಷಾಯ. ಇಂಥದ್ದೇ ಎಂದು ಗುರುತಿಸಿದರೆ ಸಾಕು. ಶಾಂತಿಯ ರುಚಿ ಹತ್ತುವ ರಸಾಸ್ವಾದವೇ ಎಲ್ಲಕ್ಕಿಂತ ಕಪಟಿ, ಏಕೆಂದರೆ ಅದು ಯಶಸ್ಸಿನಂತೆ ಕಾಣುತ್ತದೆ. ‘ಎಂಥ ಶಾಂತಿ ಸಿಕ್ಕಿತು ನನಗೆ’ ಎನ್ನುವಲ್ಲಿ ಒಡೆಯ ಮತ್ತೆ ಬಂದು ಕೂತಿರುತ್ತಾನೆ.

ಗಾಢ ನಿದ್ರೆಯಲ್ಲಿ ಅಹಂಕಾರ ಅಡಗುತ್ತದೆ, ಕನಸಿನಲ್ಲಿ ಅರ್ಧ ಅರಳುತ್ತದೆ, ಎಚ್ಚರದಲ್ಲಿ ಪೂರ್ತಿ. ಹಾಗಾದರೆ ನಿದ್ರೆಯಲ್ಲೇ ಮುಕ್ತಿಯಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲಿ ಅಹಂಕಾರವಿಲ್ಲ ನಿಜ, ಆದರೆ ಭ್ರಾಂತಿ ಬೀಜರೂಪದಲ್ಲಿ ಉಳಿದೇ ಇದೆ. ಎದ್ದ ಕೂಡಲೇ ಹಳೆಯ ‘ನಾನು’ ಹಳೆಯ ಚಿಂತೆಗಳ ಸಮೇತ ಹಾಜರಾಗುತ್ತದೆ. ಅಹಂಕಾರ ಇಲ್ಲವಾಗುವುದು ಬೇರೆ, ಅದು ನಾನಲ್ಲ ಎಂಬ ನಿಶ್ಚಯ ಬೇರೆ. ಧ್ಯಾನದಲ್ಲಿ ಎಷ್ಟೇ ಹೊತ್ತು ಖಾಲಿಯಾಗಿ ಕೂತರೂ ಈ ನಿಶ್ಚಯ ತಾನಾಗಿ ಹುಟ್ಟದು. ಶ್ರವಣ ಮನನಗಳನ್ನು, ಅಂದರೆ ಉಪದೇಶ ಕೇಳಿ ಅದನ್ನು ಯೋಚಿಸಿ ಗಟ್ಟಿ ಮಾಡಿಕೊಳ್ಳುವುದನ್ನು, ಪರಂಪರೆ ಒತ್ತಿ ಹೇಳುವುದು ಅದಕ್ಕೇ.

ಒಂದು ಎಚ್ಚರಿಕೆ. ದೇಹ ಪರಕೀಯವೆನಿಸುವುದು, ಸುತ್ತಲಿನದೆಲ್ಲ ಗಾಜಿನಾಚೆ ಇದ್ದಂತೆ ಕಾಣುವುದು, ಮನೆಯವರ ಬಗ್ಗೆ ಯಾವ ಭಾವವೂ ಮೂಡದಿರುವುದು, ಜೊತೆಗೆ ಭಯ, ನಿದ್ರಾಹೀನತೆ: ಇದು ಸಾಕ್ಷಿಭಾವವಲ್ಲ. ವಿವೇಕ ಬಲಿತಂತೆ ಮನುಷ್ಯ ಇನ್ನಷ್ಟು ಆರ್ದ್ರನಾಗಬೇಕು, ಮರಗಟ್ಟಬಾರದು. ಇಂಥ ಲಕ್ಷಣ ಕಂಡರೆ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ, ನಡಿಗೆ, ಕೈಕೆಲಸ, ಜನರ ಒಡನಾಟಕ್ಕೆ ಮರಳಿ, ಮನೋವೈದ್ಯರನ್ನು ಕಾಣಿ. ಆಪ್ತರನ್ನು ಕಳೆದುಕೊಂಡವರು ‘ಎಲ್ಲ ಮಿಥ್ಯೆ’ ಎಂದು ಅಳು ನುಂಗಿದರೂ ಇದೇ ಅಪಾಯವಿದೆ. ಅಂಥವರು ಮೊದಲು ಅತ್ತು ಹಗುರಾಗಲಿ. ಈ ಆತ್ಮವಿಚಾರವನ್ನು ಕೆಲವು ತಿಂಗಳು ಬಿಟ್ಟು ಶುರುಮಾಡಿದರೂ ಏನೂ ನಷ್ಟವಿಲ್ಲ.