ಲಾನ್‌ಗೆ ಗೊಬ್ಬರ: ಯುಗಾದಿಗಲ್ಲ, ಭರಣಿ ಮಳೆಗೆ

ಮೊದಲು ನನ್ನನ್ನೇ ಕಾಡಿದ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಇಂಗ್ಲಿಷ್ ತೋಟಗಾರಿಕೆ ಪುಸ್ತಕ ತೆಗೆದರೆ ಸಾಮಾನ್ಯವಾಗಿ ವಸಂತ ಬಂತು, ಲಾನ್‌ಗೆ ಗೊಬ್ಬರ ಹಾಕಿ ಅಂತಲೇ ಇರುತ್ತದೆ. ಅದು ಚಳಿ ದೇಶದ ಮಾತು. ಅಲ್ಲಿ ಹಿಮ ಕರಗಿ ನೆಲ ಹಸಿಯಾಗಿರುವ ಹೊತ್ತು ಅದು, ಅಲ್ಲಿನ ರೈ ಹುಲ್ಲಿಗೆ 15ರಿಂದ 24 ಡಿಗ್ರಿ ಸಾಕು. ನಮ್ಮ ಬೆಂಗಳೂರು, ಮೈಸೂರಿನ ಮನೆಗಳ ಮುಂದೆ ಇರುವುದು ಬರ್ಮುಡಾ, ಮೆಕ್ಸಿಕನ್, ಬಫಲೋ ಹುಲ್ಲು. ಬರ್ಮುಡಾ ಅಂದರೆ ಬೇರೇನಲ್ಲ, ಗಣಪತಿಗೆ ಏರಿಸುವ ಗರಿಕೆಯೇ. ಇವೆಲ್ಲ ಬಿಸಿಲಿನ ಮಕ್ಕಳು, 27ರಿಂದ 35 ಡಿಗ್ರಿಯಲ್ಲಿ ಜೋರಾಗಿ ಬೆಳೆಯುತ್ತವೆ. ಮಾರ್ಚ್‌ನಲ್ಲಿ ನಮಗೆ ಬಿಸಿಲಿಗೇನೂ ಬರವಿಲ್ಲ. ಇಲ್ಲದ್ದು ನೀರು.

ಯುಗಾದಿ ಹೊತ್ತಿಗೆ ಹೊಂಗೆ ಮರ ಒಂದು ಹನಿ ಮಳೆಯಿಲ್ಲದೆ ಚಿಗುರುತ್ತದಲ್ಲ, ಲಾನ್ ಯಾಕೆ ಚಿಗುರಲ್ಲ ಅಂತ ಕೇಳಬಹುದು. ಹೊಂಗೆಯ ಬೇರು ಆಳಕ್ಕೆ ಇಳಿದಿರುತ್ತದೆ. ದಿನಾ ಪೈಪಿನಲ್ಲಿ ಸ್ವಲ್ಪ ಸ್ವಲ್ಪ ನೀರು ಕುಡಿದು ಬೆಳೆದ ಲಾನಿನ ಬೇರು ಗೇಣಿನೊಳಗೇ ನಿಂತುಬಿಡುತ್ತದೆ. ಇಂಥ ಹುಲ್ಲಿಗೆ ಒಣ ನೆಲದಲ್ಲಿ ಯೂರಿಯಾ ಕೊಟ್ಟರೆ ಎರಡು ತೊಂದರೆ. ನೀರು ಸಿಗದೆ ಮೇಲೇ ಉಳಿದ ಯೂರಿಯಾ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ದುಡ್ಡು ದಂಡ. ಇನ್ನು ನೀರು ಹಾಕಿದಿರಿ ಅನ್ನಿ, ಹುಲ್ಲು ಎಳಸಾಗಿ ಉದ್ದಕ್ಕೆ ಬೆಳೆದು ಇನ್ನೂ ಜಾಸ್ತಿ ನೀರು ಕೇಳುತ್ತದೆ. ನೆನಪಿದೆಯಲ್ಲ, 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಹೇಳಿತ್ತು. ಅಂಥ ವರ್ಷ ಗೊಬ್ಬರ ಹಾಕಿ ಹುಲ್ಲಿನ ಬಾಯಾರಿಕೆ ಹೆಚ್ಚಿಸುವುದು ಯಾವ ಲೆಕ್ಕ?

ಹಾಗಾಗಿ ಫೆಬ್ರವರಿ, ಮಾರ್ಚ್ ಬರೀ ತಯಾರಿ. ಒಣ ಹುಲ್ಲನ್ನು ರೇಕ್‌ನಲ್ಲಿ ಹಗುರವಾಗಿ ಕೆರೆದು ತೆಗೆಯಿರಿ. ಜೇಕು ಕಳೆಯನ್ನು ಕಿತ್ತರೆ ಸಾಲದು, ಮಣ್ಣೊಳಗಿನ ಗಡ್ಡೆ ಸಮೇತ ತೆಗೆಯಬೇಕು, ಇಲ್ಲದಿದ್ದರೆ ಒಂದಕ್ಕೆ ನಾಲ್ಕಾಗಿ ಬರುತ್ತದೆ. ಹುಲ್ಲನ್ನು ಬೋಳಿಸಬೇಡಿ. ಎರಡು ಇಂಚು ಎತ್ತರ ಬಿಟ್ಟರೆ ಅದರ ನೆರಳಲ್ಲೇ ನೆಲ ತಂಪಾಗಿರುತ್ತದೆ. ಯಾವಾಗ ಕತ್ತರಿಸಿದರೂ ಒಂದು ಸಲಕ್ಕೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬಾರದು.

ಊಟ ಯಾವಾಗ ಹಾಗಾದರೆ? ಭರಣಿ ಮಳೆ ಬಿದ್ದರೆ ಧರಣಿಯೆಲ್ಲ ಬೆಳೆ ಅಂತಾರಲ್ಲ ಹಿರಿಯರು, ಅದೇ ಮಳೆ. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ ಅದರ ಕಾಲ. ಒಂದೆರಡು ಒಳ್ಳೆ ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಗಾರ್ಡನ್ ಫೋರ್ಕ್‌ನಿಂದ ಮೂರ್ನಾಲ್ಕು ಇಂಚು ಆಳಕ್ಕೆ ಚುಚ್ಚಿ. ಜರಡಿ ಹಿಡಿದ ಕೆಂಪು ಮಣ್ಣು, ಮರಳು, ಕಾಂಪೋಸ್ಟ್ ಬೆರೆಸಿ ತೆಳುವಾಗಿ ಹರಡಿ. ಹುಲ್ಲಿನ ತುದಿ ಕಾಣುತ್ತಿರಬೇಕು, ಮುಚ್ಚಿಹೋಗಬಾರದು.

ಈಗ ಲೆಕ್ಕ. ಒಂದು ಸಲಕ್ಕೆ ಒಂದು ಚದರ ಮೀಟರಿಗೆ ಹೆಚ್ಚೆಂದರೆ 5 ಗ್ರಾಂ ಸಾರಜನಕ. 20 ಅಡಿ ಉದ್ದ 10 ಅಡಿ ಅಗಲದ ಲಾನ್ ಅಂದರೆ 200 ಚದರ ಅಡಿ, ಹತ್ತಿರ ಹತ್ತಿರ 18.6 ಚದರ ಮೀಟರ್. ಐದರಿಂದ ಗುಣಿಸಿದರೆ 93 ಗ್ರಾಂ ಸಾರಜನಕ. ಯೂರಿಯಾದಲ್ಲಿ ಸಾರಜನಕ ಶೇ 46, ಅಂದರೆ 93ನ್ನು 0.46ರಿಂದ ಭಾಗಿಸಿ: ಸುಮಾರು 200 ಗ್ರಾಂ. ನೆನಪಿಟ್ಟುಕೊಳ್ಳೋದು ಸುಲಭ, ಚದರ ಅಡಿಗೆ ಒಂದು ಗ್ರಾಂ. ಇದನ್ನೂ ಎರಡು ಭಾಗ ಮಾಡಿ ಮೂರು ವಾರ ಬಿಟ್ಟು ಹಾಕಿದರೆ ಇನ್ನೂ ಒಳ್ಳೆಯದು. ಇದೇ 93 ಗ್ರಾಂ ಕೊಟ್ಟಿಗೆ ಗೊಬ್ಬರದಿಂದಲೇ ಬರಬೇಕು ಅಂದರೆ, ಅದರಲ್ಲಿರುವ ಸಾರಜನಕ ಶೇ 0.5 ಮಾತ್ರ, 18 ಕಿಲೋ ದಾಟುತ್ತದೆ. ಅದೂ ಚೆನ್ನಾಗಿ ಕಳಿತಿರಬೇಕು. ಹಸಿ ಗೊಬ್ಬರ ಹಾಕಿದರೆ ಕಳೆ ಬೀಜವನ್ನು ನೀವೇ ಬಿತ್ತಿದ ಹಾಗೆ. ಡಿಎಪಿ ತರಬೇಡಿ. ಅದರಲ್ಲಿ ಹೆಚ್ಚಾಗಿರುವ ರಂಜಕ ಬೇರೂರಿದ ಲಾನ್‌ಗೆ ಅಷ್ಟಾಗಿ ಬೇಕಿಲ್ಲ, ಸುಮ್ನೆ ಮಣ್ಣಲ್ಲಿ ಕೂತಿರುತ್ತದೆ.

ಹಾಕುವ ಕ್ರಮದಲ್ಲಿ ನಾನು ಎಡವಿದ್ದೆ. ಬೆಳಗ್ಗೆ ಇಬ್ಬನಿ ಇರುವಾಗಲೇ ಮುಷ್ಟಿಯಲ್ಲಿ ಹಿಡಿದು ಎರಚಿದೆ. ಒದ್ದೆ ಎಲೆಗೆ ಯೂರಿಯಾ ಕಾಳು ಅಂಟಿಕೊಂಡು ಕೈ ಬೀಸಿದ ದಾರಿಯಲ್ಲೆಲ್ಲ ಸುಟ್ಟಿತು. ನಾಲ್ಕನೇ ದಿನ ಪಕ್ಕದ ಮನೆ ಅಜ್ಜ ಗೇಟಿನ ಹೊರಗೆ ನಿಂತು "ಏನಪ್ಪಾ, ಹುಲಿ ಚರ್ಮ ಹಾಸಿದ್ದೀಯಾ?" ಅಂದರು. ಎಲೆ ಒಣಗಿರಬೇಕು, ಮಣ್ಣು ಹಸಿಯಿರಬೇಕು, ಇಷ್ಟೇ ಗುಟ್ಟು. ಯೂರಿಯಾವನ್ನು ನಾಲ್ಕೈದು ಪಟ್ಟು ಒಣ ಮರಳಿನ ಜೊತೆ ಬೆರೆಸಿ, ಅರ್ಧವನ್ನು ಉದ್ದಕ್ಕೆ ನಡೆಯುತ್ತಾ, ಉಳಿದರ್ಧವನ್ನು ಅಡ್ಡಕ್ಕೆ ನಡೆಯುತ್ತಾ ಹಾಕಿ. ತಕ್ಷಣ ನೀರು ಬಿಡಿ.

ಗೊಬ್ಬರ ಕೊಟ್ಟ ಮೇಲೂ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿದ್ದರೆ ಅದು ಕಬ್ಬಿಣದ ಕೊರತೆ, ಇನ್ನಷ್ಟು ಯೂರಿಯಾ ಸುರಿಯಬೇಡಿ. ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಲೀಟರಿಗೆ ಎರಡು ಮೂರು ಗ್ರಾಂ ಕಲಸಿ ಸಂಜೆ ಸಿಂಪಡಿಸಿ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಅಮ್ಮನ ಬೈಗುಳ ಖಾಯಂ.

ಉಳಿದ ಗಿಡಗಳ ಬಗ್ಗೆ ಚಿಕ್ಕದಾಗಿ. ಹೂ ಮುಗಿದ ಸೇವಂತಿಗೆಯ ಬುಡದ ಮರಿಗಳನ್ನು ಫೆಬ್ರವರಿ, ಮಾರ್ಚ್‌ನಲ್ಲೇ ಬಿಡಿಸಿ ನೆಡಿ. ದಾಸವಾಳ ಸವರಬಹುದು. ದುಂಡು ಮಲ್ಲಿಗೆಗೆ ಮಾತ್ರ ಆಗ ಕತ್ತರಿ ತೋರಿಸಬೇಡಿ, ಮೊಗ್ಗು ಬರುವ ಕಾಲ.

ಯೂರಿಯಾ ಮೂಟೆ 45 ಕಿಲೋ, ಮನೆ ಲಾನ್‌ಗೆ ಅಷ್ಟು ಬೇಡವೇ ಬೇಡ, ಯಾರಾದರೂ ರೈತರ ಹತ್ತಿರ ಒಂದು ಕಿಲೋ ಕೇಳಿ ತನ್ನಿ. ಉಳಿದದ್ದನ್ನು ಗಾಳಿಯಾಡದ ಡಬ್ಬಿಗೆ ತುಂಬಿ, ದೊಡ್ಡದಾಗಿ ಹೆಸರು ಬರೆದು, ಅಡುಗೆಮನೆಯಿಂದಲೂ ದನಕರುಗಳಿಂದಲೂ ದೂರ ಇಡಿ. ನೋಡೋದಕ್ಕೆ ಸಾಬಕ್ಕಿ ಥರ ಇರುತ್ತದೆ, ಹಸು ನೆಕ್ಕಿದರೆ ಪ್ರಾಣಕ್ಕೇ ಕುತ್ತು.