ಝಯಾನ್‌ ಊರಿನ ಮುದ್ರೆಯಿಂದ ಶಿಲುಬೆ ಇಳಿದ ಕಥೆ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಮಿಷಿಗನ್ ಸರೋವರದ ದಂಡೆಯಲ್ಲಿ ಝಯಾನ್ ಎಂಬ ಪಟ್ಟಣವಿದೆ. ಕನ್ನಡ ಬೈಬಲ್ ಓದಿದವರಿಗೆ ಈ ಹೆಸರು ‘ಚೀಯೋನ್’ ಎಂದು ಪರಿಚಿತ. ಇದು ತಾನಾಗಿ ಬೆಳೆದ ಊರಲ್ಲ. ಪ್ರಾರ್ಥನೆಯಿಂದಲೇ ರೋಗ ವಾಸಿಯಾಗುತ್ತದೆ ಎಂದು ಸಾರುತ್ತಿದ್ದ ಸ್ಕಾಟ್ಲೆಂಡ್ ಮೂಲದ ಬೋಧಕ ಜಾನ್ ಅಲೆಕ್ಸಾಂಡರ್ ಡೋವಿ, 1900ರ ಹೊತ್ತಿಗೆ ಸಾವಿರಾರು ಎಕರೆ ಹೊಲ ಸಂಪಾದಿಸಿ ತನ್ನ ಅನುಯಾಯಿಗಳಿಗಾಗಿ ಕಟ್ಟಿಸಿದ್ದು. ಮದ್ಯ, ತಂಬಾಕು, ಹಂದಿಮಾಂಸ, ನಾಟಕಶಾಲೆ ಯಾವುದಕ್ಕೂ ಅಲ್ಲಿ ಜಾಗವಿರಲಿಲ್ಲ, ವೈದ್ಯರಿಗೂ ಇರಲಿಲ್ಲ. ಬೀದಿಗಳಿಗೆ ಗಲಿಲಾಯ, ಹೆಬ್ರೋನ್, ಗಿಲ್ಯಾದ್ ಎಂಬ ಹೆಸರುಗಳು.

ಇಂಥ ಊರು 1902ರಲ್ಲಿ ಒಪ್ಪಿಕೊಂಡ ಲಾಂಛನದಲ್ಲಿ ಪಾರಿವಾಳ, ಶಿಲುಬೆ, ಖಡ್ಗ, ಕಿರೀಟಗಳಿದ್ದದ್ದು ಸಹಜವೇ. ಜೊತೆಗೆ ‘ದೇವರು ಆಳುತ್ತಾನೆ’ ಎಂಬ ಘೋಷಣೆ. ಡೋವಿ ಒಂದೊಂದಕ್ಕೂ ಅರ್ಥ ಬಿಡಿಸಿ ಹೇಳಿದ್ದ: ಪಾರಿವಾಳವೆಂದರೆ ಪವಿತ್ರಾತ್ಮ, ಶಿಲುಬೆಯೆಂದರೆ ವಿಮೋಚನೆ, ಖಡ್ಗವೆಂದರೆ ದೇವರ ವಾಕ್ಯ. ಆ ವಿವರಣೆ ಮುಂದೆ ಊರಿನ ವಿರುದ್ಧವೇ ಸಾಕ್ಷಿಯಾಗುತ್ತದೆಂದು ಆತ ಊಹಿಸಿರಲಾರ.

1907ರಲ್ಲಿ ಡೋವಿ ತೀರಿಕೊಂಡ. ಕಾಲಕ್ರಮೇಣ ಚರ್ಚಿನ ಹಿಡಿತ ಸಡಿಲಿತು, ಬೇರೆಬೇರೆ ನಂಬಿಕೆಯವರು ಬಂದು ನೆಲೆಸಿದರು. ಮುದ್ರೆ ಮಾತ್ರ ನೀರಿನ ಟ್ಯಾಂಕಿನ ಮೇಲೆ, ಪುರಸಭೆಯ ಕಾಗದಪತ್ರಗಳ ಮೇಲೆ ಹಾಗೆಯೇ ಉಳಿಯಿತು. 1980ರ ದಶಕದಲ್ಲಿ ಕೆಲವು ನಾಸ್ತಿಕರು ನ್ಯಾಯಾಲಯದ ಮೆಟ್ಟಿಲೇರಿದರು. ಸರ್ಕಾರ ಯಾವ ಧರ್ಮವನ್ನೂ ಎತ್ತಿಹಿಡಿಯಬಾರದೆಂಬ ಸಂವಿಧಾನದ ಮೊದಲ ತಿದ್ದುಪಡಿ ಅವರ ಆಧಾರ.

ಇದರೊಡನೆ ಅದೇ ರಾಜ್ಯದ ರೋಲಿಂಗ್ ಮೆಡೋಸ್ ಎಂಬ ಊರಿನ ಮೊಕದ್ದಮೆಯೂ ಸೇರಿಕೊಂಡಿತು. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಈ ಎರಡನೆಯದೇ. ಅಲ್ಲಿನ ಮುದ್ರೆಯನ್ನು 1960ರಲ್ಲಿ ಬಿಡಿಸಿದ್ದು ಎಂಟನೇ ತರಗತಿಯ ಮಗು, ಚಿತ್ರಕಲೆಯ ಪಾಠಕ್ಕಾಗಿ! ಅದರ ಒಂದು ಭಾಗದಲ್ಲಿ ಶಿಲುಬೆಯಿತ್ತು. ಮತಪ್ರಚಾರದ ಉದ್ದೇಶವಿತ್ತೆಂದು ಯಾರೂ ಹೇಳುವಂತಿರಲಿಲ್ಲ.

1991ರಲ್ಲಿ ಏಳನೇ ವಲಯದ ಮೇಲ್ಮನವಿ ನ್ಯಾಯಾಲಯ ಎರಡನ್ನೂ ಅಸಾಂವಿಧಾನಿಕ ಎಂದಿತು. ಬಿಡಿಸಿದವರ ಮನಸ್ಸಿನಲ್ಲಿ ಏನಿತ್ತೆಂಬುದಷ್ಟೇ ಅಲ್ಲ, ನೋಡುವವನಿಗೆ ಊರಾಡಳಿತ ಒಂದು ಧರ್ಮದ ಬೆನ್ನಿಗಿದೆ ಅನ್ನಿಸುತ್ತದೆಯೇ ಎಂಬುದೂ ಮುಖ್ಯವೆಂಬುದು ಅದರ ತರ್ಕ. ತೀರ್ಪು ಸರ್ವಾನುಮತದ್ದಲ್ಲ, ನ್ಯಾಯಾಧೀಶ ಈಸ್ಟರ್‌ಬ್ರೂಕ್ ಭಿನ್ನಮತ ಬರೆದರು. ಮರುವರ್ಷ ಸುಪ್ರೀಂ ಕೋರ್ಟ್ ಮೇಲ್ಮನವಿ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ.

ಝಯಾನ್ ಶಿಲುಬೆಯನ್ನು ಇಳಿಸಿತು. ‘ದೇವರು ಆಳುತ್ತಾನೆ’ ಎಂಬ ಘೋಷಣೆಯ ಬದಲು ಹೊಸ ಮುದ್ರೆಗೆ ಅದು ಆರಿಸಿಕೊಂಡದ್ದು, 1956ರಿಂದ ಅಮೆರಿಕದ ರಾಷ್ಟ್ರೀಯ ಧ್ಯೇಯವಾಕ್ಯವಾಗಿರುವ, ಡಾಲರ್ ನೋಟಿನ ಮೇಲೂ ಅಚ್ಚಾಗಿರುವ ಸಾಲು: ‘ದೇವರಲ್ಲಿ ನಮ್ಮ ನಂಬಿಕೆ’.