ಬಂಗಲೆ ಉರುಳಿದರೂ ಉಳಿದ ಬಾಗಿಲಮನೆ

ಲಾಡ್ಜ್ ಎಂದರೆ ನಮ್ಮ ಊರುಗಳಲ್ಲಿ ಬಸ್ ಸ್ಟ್ಯಾಂಡ್ ಪಕ್ಕದ ಬಾಡಿಗೆ ಕೋಣೆ. ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಅದು ಜಮೀನ್ದಾರರ ಬಂಗಲೆಯ ಗೇಟಿನ ಬಳಿ ಇರುವ ಪುಟ್ಟ ಕಲ್ಲುಮನೆ. ಗಾಡಿಯ ಸದ್ದು ಕೇಳಿದೊಡನೆ ಗೇಟು ತೆಗೆಯುವವರ ಸಂಸಾರ ಅಲ್ಲಿರುತ್ತಿತ್ತು. ಆದರೆ ನಕ್ಷೆ ಬರೆದವರು ಲೆಕ್ಕಕ್ಕೆ ಇಟ್ಟುಕೊಂಡಿದ್ದು ರಸ್ತೆಯಲ್ಲಿ ಹೋಗುವವರ ಕಣ್ಣನ್ನು.

18ನೇ ಶತಮಾನದಲ್ಲಿ ಎಸ್ಟೇಟುಗಳ ಸುತ್ತ ಗೋಡೆ ಎದ್ದಿತು, ಹೊಸ ಸುಂಕದ ರಸ್ತೆಗಳು ಬಂದವು. ಗೇಟು ಮನೆತನದ ಮುಖವಾಯಿತು. ಆಗಿನ ಅಭಿರುಚಿಗೆ ಎಡಬಲ ಸಮವಾಗಿರಬೇಕಿತ್ತು. ಹಾಗಾಗಿ ದಾರಿಯ ಎರಡೂ ಬದಿಗೆ ಒಂದೊಂದು ಕೋಣೆಯ ಜೋಡಿಮನೆ ಕಟ್ಟಿದರು. ಕೆಲವೆಡೆ ಒಂದೇ ಸಂಸಾರ ಈಚೆ ಉಂಡು, ಮಳೆಯಲ್ಲಿ ದಾರಿ ದಾಟಿ, ಆಚೆ ಮಲಗಬೇಕಾಗಿತ್ತು! ಕಲೇನ್ ಕೋಟೆಮನೆಯನ್ನು 1777ರಿಂದ 1792ರವರೆಗೆ ರೂಪಿಸಿದ ವಾಸ್ತುಶಿಲ್ಪಿ ರಾಬರ್ಟ್ ಆಡಂ, ಬರುವ ದಾರಿಯಲ್ಲೇ ಪಾಳುಬಿದ್ದಂತೆ ಕಾಣುವ ಕಮಾನು ಕಟ್ಟಿಸಿದ. ಅತಿಥಿಯ ಮನಸ್ಸನ್ನು ಹೊಸ್ತಿಲಿಗೆ ಮುಂಚೆಯೇ ಹದಗೊಳಿಸುವ ಕಲೆ ಅದು.

ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನ ಅಬಟ್ಸ್‌ಫರ್ಡ್ ಮನೆ, ಆಮೇಲೆ 1850ರ ದಶಕದ ಬಾಲ್ಮೋರಲ್ ಅರಮನೆ ಬಂದಮೇಲೆ ಕೋಟೆಯ ಶೈಲಿಗೆ ಮನಸೋಲದವರಿಲ್ಲ. ಲಾಡ್ಜ್ ಆಗ ಜೋಡಿ ಬಿಟ್ಟು ಒಂಟಿಮನೆಯಾಯಿತು. ಮಾಡಿನ ತುದಿಯ ತ್ರಿಕೋನ ಗೋಡೆಗೆ ಮೆಟ್ಟಿಲು ಮೆಟ್ಟಿಲಾದ ಅಂಚು. ಅಲ್ಲಿನವರ ಮಾತಿನಲ್ಲಿ ಅದು ಕಾಗೆಮೆಟ್ಟಿಲು. ಹೊರಚಾಚಿದ ಮೂರು ಮುಖದ ಕಿಟಕಿಗೆ ಮಾತ್ರ ನಿಜವಾದ ಕೆಲಸವಿತ್ತು: ಒಳಗೆ ಕೂತೇ ರಸ್ತೆಯ ಎರಡೂ ದಿಕ್ಕು ನೋಡಬಹುದಿತ್ತು.

ಮಾಡಿನ ಹೊದಿಕೆ ಹಲವೆಡೆ ಬಲ್ಲಾಹುಲಿಶ್ ಎಂಬ ಊರಿನ ಸ್ಲೇಟು, ಅಂದರೆ ತೆಳು ಪದರಗಲ್ಲು. ಅಲ್ಲಿನ ಗಣಿ 1693ರಿಂದ 1955ರವರೆಗೆ ನಡೆಯಿತು. ಸೂರಿನ ಬಳಿ ದೊಡ್ಡ ಸ್ಲೇಟು, ಮೇಲೇರಿದಂತೆ ಚಿಕ್ಕದು. ಗಣಿಯಲ್ಲಿ ಸಿಕ್ಕ ಯಾವ ಅಳತೆಯೂ ದಂಡವಾಗದ ಜಾಣತನ. ಕೆಳಗೆ ಹಲಗೆ, ಪ್ರತಿ ಸ್ಲೇಟಿನ ತಲೆಗೆ ಸಾಮಾನ್ಯವಾಗಿ ಒಂದೇ ಮೊಳೆ. ಒಂದು ಒಡೆದರೆ ಮೇಲಿನದನ್ನು ಪಕ್ಕಕ್ಕೆ ತಿರುಗಿಸಿ ಹೊಸದು ಸೇರಿಸಬಹುದು. ಬಹಳ ಸಲ ಮೊದಲು ಸೋಲುವುದು ತುಕ್ಕು ಹಿಡಿದ ಮೊಳೆ, ಸ್ಲೇಟಲ್ಲ.

ಮೊದಲ ಮಹಾಯುದ್ಧದ ನಂತರ ವಾರಸು ತೆರಿಗೆ, ಆಳುಗಳ ಕೊರತೆ ಸೇರಿ ದೊಡ್ಡ ಬಂಗಲೆಗಳು ನೆಲಸಮವಾದವು. ಹ್ಯಾಮಿಲ್ಟನ್ ಅರಮನೆಯನ್ನೇ 1920ರ ದಶಕದಲ್ಲಿ ಕೆಡವಿದರು. ಲಾಡ್ಜುಗಳು ಉಳಿದವು, ಬೇರೆಯವರ ಪಾಲಾದವು, ಸಿಮೆಂಟು ಬಂತು.

ದೊಡ್ಡ ಕೇಡಾಗಿದ್ದು ಇಲ್ಲಿಯೇ. ಹಳೆಯ ಗೋಡೆ ಎಂದರೆ ಎರಡು ಕಲ್ಲುಪದರ, ನಡುವೆ ಚೂರುಗಲ್ಲು ಮತ್ತು ಸುಣ್ಣ. ಒಳಸೇರಿದ ನೀರು ಸುಣ್ಣದ ಸಂದಿನಿಂದ ಆರಿಹೋಗಬೇಕು. ಸಂದಿಗೆ ಸಿಮೆಂಟು ಮೆತ್ತಿದರೆ ಆ ನೀರು ಮರಳುಗಲ್ಲಿನ ಮೂಲಕವೇ ಹೊರಬರಬೇಕಾಗುತ್ತದೆ. ಚಳಿಗೆ ಹೆಪ್ಪುಗಟ್ಟಿ ಕಲ್ಲಿನ ಮುಖ ಪುಡಿಯಾಗುತ್ತದೆ, ಸಿಮೆಂಟು ಮಾತ್ರ ಏಣಿನಂತೆ ಎದ್ದು ನಿಲ್ಲುತ್ತದೆ. ಸರಿಪಡಿಸಲು ಕೈ ಉಳಿಯಿಂದ, ಸಂದಿನ ಅಗಲದ ಎರಡು ಪಟ್ಟು ಆಳಕ್ಕೆ, ಸಿಮೆಂಟು ಕೆರೆಯಬೇಕು. ಯಂತ್ರದ ಗರಗಸ ಕಲ್ಲಿನ ಅಂಚನ್ನೇ ತಿಂದುಬಿಡುತ್ತದೆ. ಆಮೇಲೆ ನೀರುಸುಣ್ಣ (ನೀರು ಸೇರಿದಾಗ ಗಟ್ಟಿಯಾಗುವ ಸುಣ್ಣ) 1 ಪಾಲಿಗೆ ಒರಟು ಮರಳು ಸುಮಾರು 2.5 ಪಾಲು ಕಲಸಿ ಒತ್ತಿ ತುಂಬಬೇಕು. ಉಷ್ಣಾಂಶ 5 ಡಿಗ್ರಿಗಿಂತ ಕೆಳಗಿದ್ದರೆ ಕೈಹಾಕಬಾರದು. ಬೇಗ ಒಣಗದಂತೆ ಕೆಲವು ದಿನ ಒದ್ದೆ ಗೋಣಿತಟ್ಟು ಹೊದಿಸಿಡಬೇಕು.

ಗೇಟಿನ ಕಂಬದ ರೋಗ ಬೇರೆ. ಕಲ್ಲಿನೊಳಗೆ ಸೀಸ ಎರಕ ಹೊಯ್ದು ಕೂರಿಸಿದ ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಉಬ್ಬಿ ಕಂಬ ಸೀಳುತ್ತದೆ. ಬಿರುಕಿಗೆ ಮೇಲಿಂದ ಗಾರೆ ಮೆತ್ತಿ ಫಲವಿಲ್ಲ. ಕಬ್ಬಿಣ ತೆಗೆದು ಸ್ಟೇನ್‌ಲೆಸ್ ಸ್ಟೀಲ್ ಹಾಕಿಯೇ ಕಲ್ಲು ಜೋಡಿಸಬೇಕು. ಸ್ಕಾಟ್ಲೆಂಡಿನ ಪಾರಂಪರಿಕ ಕಟ್ಟಡಗಳ ಪಟ್ಟಿಯ ಎ, ಬಿ, ಸಿ ಯಾವ ದರ್ಜೆಯಲ್ಲಿದ್ದರೂ, ಕಟ್ಟಡದ ಚಹರೆ ಬದಲಾಗುವ ಕೆಲಸಕ್ಕೆ ಸ್ಥಳೀಯ ಯೋಜನಾ ಕಚೇರಿಯ ಒಪ್ಪಿಗೆ ಮೊದಲು ಕೈಯಲ್ಲಿರಬೇಕು.